ಆನೆಗುಂಡಿನ ಮೇಲಿನ ಕಂಬಳಿ

ಶಿರಾ ಬಸ್‌ಸ್ಟ್ಯಾಂಡಿನಿಂದ ಬೆಳಗಿನ ಮೊದಲ ಬಸ್ಸು ಯತ್ತಪ್ಪನದು. ಮಧುಗಿರಿ, ಮಿಡಿಗೇಶಿ ಹಾದು ಪಾವಗಡಕ್ಕೆ ಹೋಗುತ್ತಿದ್ದ ಆ ಖಾಸಗಿ ಬಸ್ಸಿಗೆ ಮಾಲೀಕರು ಭಕ್ತಿಯಿಂದ ಒಂದು ದೇವರ ಹೆಸರಿಟ್ಟಿದ್ದರು. ಜನ ಮಾತ್ರ ಅದನ್ನು ಏರೋಪ್ಲೇನ್ ಎಂದೇ ಕರೆಯುತ್ತಿದ್ದರು. ಆ ಹೆಸರು ಬಸ್ಸು ಸಂಪಾದಿಸಿದ್ದಲ್ಲ, ಡ್ರೈವರು ಸಂಪಾದಿಸಿದ್ದು. ತಾವರೆಕೆರೆ ಕಡೆಯ ಗೊಲ್ಲರ ಹಟ್ಟಿಯಲ್ಲಿ ಹುಟ್ಟಿ, ಮೀಸೆ ಮೂಡುವವರೆಗೆ ಕುರಿಯ ಹಿಂದೆ ನಡೆದೇ ಬೆಳೆದಿದ್ದ ಯತ್ತಪ್ಪ, ಕೈಗೆ ಸ್ಟೇರಿಂಗ್ ಸಿಕ್ಕಿದ ಮೇಲೆ ಅಷ್ಟು ವರ್ಷ ನಿಧಾನವಾಗಿ ನಡೆದದ್ದಕ್ಕೆಲ್ಲ ಸೇಡು ತೀರಿಸಿಕೊಳ್ಳುವವನಂತೆ ಓಡಿಸುತ್ತಿದ್ದ. ಅವನ ಬಸ್ಸಿನ ಸ್ಪೀಡೋಮೀಟರಿನ ಮುಳ್ಳು ಯಾವ ಕಾಲದಲ್ಲೋ ಸೊನ್ನೆಗೆ ಬಿದ್ದು ಅಲ್ಲೇ ಅಂಟಿಕೊಂಡಿತ್ತು. ಅದನ್ನು ರಿಪೇರಿ ಮಾಡಿಸಿಕೊಡಿ ಎಂದು ಅವನು ಮಾಲೀಕರನ್ನು ಒಮ್ಮೆಯೂ ಕೇಳಿದವನಲ್ಲ.

ಮುಳ್ಳು ಸತ್ತಿದ್ದರೇನು, ಅವನಿಗೆ ಬೇರೆ ಅಳತೆ ಇತ್ತು. ಅದೇ ಹೊತ್ತಿಗೆ ಪಾವಗಡದಿಂದ ಕೊರಟಗೆರೆಗೆ ಕದರಪ್ಪನ ಬಸ್ಸು ಹೊರಡುತ್ತಿತ್ತು. ಎರಡೂ ಬಸ್ಸು ದಾರಿಯಲ್ಲಿ ಎಲ್ಲೋ ಒಂದು ಕಡೆ ಎದುರಾಗಬೇಕಲ್ಲ? ಆ ಜಾಗವೇ ಅಳತೆ. ಮಿಡಿಗೇಶಿ ಬೆಟ್ಟ ದಾಟಿದ ಮೇಲೆ ಎದುರಾದರೆ ಆವತ್ತು ಯತ್ತಪ್ಪ ಗೆದ್ದಂತೆ. ಬೆಟ್ಟಕ್ಕೆ ಮೊದಲೇ ಎದುರಾದರೆ ಕದರಪ್ಪ ಗೆದ್ದಂತೆ. ಕಿಟಕಿ ಪಕ್ಕ ಕೂತ ಪ್ರಯಾಣಿಕರು ಕೂಡ ಕತ್ತು ಚಾಚಿ, ಇವತ್ತು ಎಲ್ಲಿ ಸಿಕ್ಕುತ್ತಾನೋ ಎಂದು ಕಾಯುತ್ತಿದ್ದರು. ಪ್ರಾಣ ಕೈಯಲ್ಲಿ ಹಿಡಿದು ಕೂತವರೂ ತಮ್ಮ ಬಸ್ಸೇ ಗೆಲ್ಲಲಿ ಎನ್ನುತ್ತಿದ್ದರು. ಜನ ಅಂದರೆ ಹಾಗೆಯೇ.

ಈ ಸಂಭ್ರಮವನ್ನು ಒಪ್ಪದಿದ್ದವನು ಒಬ್ಬನೇ, ಕಂಡಕ್ಟರ್ ನಂದೀಶ್ವರಯ್ಯ. ಹಣೆ ತುಂಬ ವಿಭೂತಿ, ಬಾಯಲ್ಲಿ ಸದಾ ಶಿವನಾಮ. ಶಿವನಾಮ ಮೊದಲು ಭಕ್ತಿಯಿಂದ ಶುರುವಾದದ್ದಂತೆ, ಯತ್ತಪ್ಪನ ಬಸ್ಸಿಗೆ ಬಂದ ಮೇಲೆ ಭಯದಿಂದ ಮುಂದುವರಿದಿತ್ತು.

ಎಲ್ಲ ಚೆನ್ನಾಗಿಯೇ ನಡೆಯುತ್ತಿದ್ದಾಗ ಮಧುಗಿರಿಗೆ ಹೊಸ ಇನ್‌ಸ್ಪೆಕ್ಟರು ಬಂದರು. ಬಂದವರು ಸುಮ್ಮನೆ ಬರಲಿಲ್ಲ, ಒಂದು ಸ್ಟಾಪ್‌ವಾಚ್ ತಂದರು. ಮಧುಗಿರಿಯಿಂದ ಮಿಡಿಗೇಶಿಗೆ ಹೋಗುವ ದಾರಿಯಲ್ಲಿ ಬಂದ್ರೆಹಟ್ಟಿಯ ತಿರುವಿದೆ. ಇಳಿಜಾರು ಮುಗಿಯುವಲ್ಲಿ ರಸ್ತೆ ಎಡಕ್ಕೆ ಹೊರಳುತ್ತದೆ, ಹೊರಳಿದ ಮೇಲೆ ಬಾವಿ, ಬಾವಿಯ ಪಕ್ಕ ಹುಣಿಸೆ ಮರಗಳು. ಇಳಿಜಾರಿನ ಒಂದು ಫರ್ಲಾಂಗ್ ಕಲ್ಲಿನ ಹತ್ತಿರ ಪೊದೆಯಲ್ಲಿ ಒಬ್ಬ ಪೇದೆ ಕೂತು ಬಸ್ಸು ಬಂದೊಡನೆ ಕರವಸ್ತ್ರ ಬೀಸುವುದು, ಮುಂದಿನ ಕಲ್ಲಿನ ಹತ್ತಿರ ಇನ್ನೊಬ್ಬ ವಾಚು ಒತ್ತುವುದು, ಹುಣಿಸೆ ಮರದ ಹಿಂದಿನಿಂದ ಜೀಪು ಹೊರಗೆ ಬರುವುದು. ಯತ್ತಪ್ಪ ಎರಡು ಸಲ ಸಿಕ್ಕಿಬಿದ್ದ. ಎರಡನೆಯ ಸಲ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನೋಡಿ, ಇನ್ನೊಂದು ಸಲ ಬಂದರೆ ಲೈಸೆನ್ಸ್ ಇಲ್ಲೇ ಬಿಟ್ಟು ಹೋಗಬೇಕಾಗುತ್ತದೆ ಎಂದರು. ಯತ್ತಪ್ಪನಿಗೆ ಅಂಗಿ ಬಿಚ್ಚಿಟ್ಟು ಹೋಗು ಎಂದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಖಾಕಿ ಅಂಗಿಯ ಎಡಜೇಬಿನಲ್ಲಿ, ಎದೆಗೆ ಒತ್ತಿಕೊಂಡಂತೆ ಇಟ್ಟುಕೊಂಡಿದ್ದ ಆ ಸಣ್ಣ ಪುಸ್ತಕ ಇಲ್ಲದಿದ್ದರೆ ಅವನು ಮತ್ತೆ ಕುರಿಯ ಹಿಂದೆ ನಡೆಯುವ ಯತ್ತ.

ಇಂಥ ಕಷ್ಟಕ್ಕೆ ಆ ದಾರಿಯ ಡ್ರೈವರುಗಳು ಒಂದು ಉಪಾಯ ಮಾಡಿಕೊಂಡಿದ್ದರು. ಎದುರಿನಿಂದ ಬರುವ ಡ್ರೈವರು ತಲೆ ಮೇಲೆ ಕೈಯಿಟ್ಟರೆ ಮುಂದೆ ಪೊಲೀಸು ಇದ್ದಾರೆ ಎಂದು ಅರ್ಥ. ಹೊಟ್ಟೆ ಸವರಿಕೊಂಡರೆ ಆರ್‌ಟಿಓ. ಎಲ್ಲರೂ ಇದನ್ನು ಧರ್ಮದಂತೆ ನಡೆಸುತ್ತಿದ್ದರು. ಹೆಂಡತಿ ಜೊತೆ ಜಗಳವಾಡಿ ಬಂದ ದಿನವೂ, ಎದುರಿನವನು ಆಗದವನಾದರೂ, ಕೈ ಮಾತ್ರ ತಲೆಗೆ ಹೋಗುತ್ತಿತ್ತು. ಆದರೆ ಯತ್ತಪ್ಪನಿಗೆ ಈ ಧರ್ಮದಿಂದ ಉಪಯೋಗವಿರಲಿಲ್ಲ. ಅವನದು ಮೊದಲ ಬಸ್ಸು. ಬಂದ್ರೆಹಟ್ಟಿ ತಿರುವು ದಾಟುವವರೆಗೆ ಎದುರಿಗೆ ಒಂದು ನರಪಿಳ್ಳೆಯೂ ಸಿಕ್ಕುತ್ತಿರಲಿಲ್ಲ. ಕದರಪ್ಪ ಸಿಕ್ಕುತ್ತಿದ್ದದ್ದು ಅದಾದ ಮೇಲೆ.

ಆಗ ಅವನಿಗೆ ನೆನಪಾದದ್ದು ಗಿರಿಯಮ್ಮ. ಯತ್ತಪ್ಪನ ತಂಗಿ ಪುಟ್ಟಕ್ಕನನ್ನು ಕೊಟ್ಟಿದ್ದದ್ದು ಇದೇ ಬಂದ್ರೆಹಟ್ಟಿಗೆ. ಗಿರಿಯಮ್ಮ ಅವಳ ಅತ್ತೆ. ಬೆಳಕು ಹರಿಯುವ ಮೊದಲೇ ಎದ್ದು ಆಡುಗಳನ್ನು ಬಿಟ್ಟುಕೊಂಡು ಇಳಿಜಾರಿನ ಪಕ್ಕದ ಆನೆಗುಂಡಿನ ಹತ್ತಿರ ಕೂರುವ ಮುದುಕಿ. ಆನೆಗುಂಡು ಎಂದರೆ ಮಲಗಿದ ಆನೆಯಷ್ಟು ದೊಡ್ಡ ಬಂಡೆ, ರಸ್ತೆಯಲ್ಲಿ ಬಹಳ ದೂರದಿಂದ ಕಾಣುತ್ತದೆ. ಯತ್ತಪ್ಪ ಒಂದು ದಿನ ಬಸ್ಸು ನಿಲ್ಲಿಸಿ ಇಳಿದು ಹೋಗಿ, ಪೊಲೀಸು ಬಂದು ನಿಂತ ದಿನ ಗುಂಡಿನ ಮೇಲೆ ನಿನ್ನ ಕರಿಕಂಬಳಿ ಹಾಸಿಬಿಡು ಅತ್ತೆಮ್ಮ, ಇಲ್ಲದ ದಿನ ಬರಿಗುಂಡು ಇರಲಿ ಎಂದು ಕೈಮುಗಿದ. ಪ್ರತಿಯಾಗಿ ಮಧುಗಿರಿಯ ಚಿಗುರು ವೀಳ್ಯದೆಲೆ, ಹೊಗೆಸೊಪ್ಪು ತಪ್ಪದೆ ತಂದುಕೊಡುವುದಾಗಿ ಮಾತಾಯಿತು. ಗಿರಿಯಮ್ಮ ಬಹಳ ಹೊತ್ತು ಅವನ ಮುಖ ನೋಡಿ, ಸೊಸೆಯ ತವರಿನವನು ಕೇಳುತ್ತಿದ್ದಾನೆ ಎಂದು ಒಪ್ಪಿಕೊಂಡಳು.

ಕಂಬಳಿಯನ್ನೇ ಯಾಕೆ ಕೇಳಿದ, ಒಂದು ಕೆಂಪು ಬಟ್ಟೆ ಸಾಕಿತ್ತಲ್ಲ ಎಂದು ನಂದೀಶ್ವರಯ್ಯ ಆಮೇಲೆ ಕೇಳಿದ. ಯತ್ತಪ್ಪ ಅವನಿಗೆ ತಿಳಿಹೇಳಿದ. ಗೊಲ್ಲರಲ್ಲಿ ಕರಿಕಂಬಳಿ ಬರೀ ಹೊದೆಯುವ ವಸ್ತುವಲ್ಲ. ನ್ಯಾಯ ಮಾಡುವಾಗ ಕಂಬಳಿ ಹಾಸುತ್ತಾರೆ, ಅದರ ಮೇಲೆ ಬರಿಗಾಲಲ್ಲಿ ನಿಂತವನು ಸುಳ್ಳಾಡುವುದಿಲ್ಲ. ಸುಳ್ಳಾಡಿದವನ ಮನೆ ಉಳಿದ ಉದಾಹರಣೆ ಇಲ್ಲ. ಆದ್ದರಿಂದ ಕಂಬಳಿ ಹೇಳಿತು ಎಂದರೆ ಮುಗಿಯಿತು, ಎರಡನೆಯ ಮಾತಿಲ್ಲ. ನಂದೀಶ್ವರಯ್ಯ ಎಲ್ಲ ಕೇಳಿಸಿಕೊಂಡು, ಪೊಲೀಸು ಎಲ್ಲಿದ್ದಾರೆಂದು ತಿಳಿಯಲು ಇಷ್ಟು ತಲೆ ಓಡಿಸುವುದಕ್ಕಿಂತ ಬಸ್ಸನ್ನು ಸ್ವಲ್ಪ ಕಡಿಮೆ ಓಡಿಸಿದರೆ ಆಗದೇ ಎಂದ. ಯತ್ತಪ್ಪ ಅದಕ್ಕೂ ಉತ್ತರ ಇಟ್ಟುಕೊಂಡಿದ್ದ. ಕಂಬಳಿ ಕಂಡರೆ ತಾನು ನಿಧಾನ ಮಾಡುತ್ತೇನೆ, ಪೊಲೀಸರಿಗೆ ಬೇಕಾದದ್ದೂ ಅದೇ, ಹಾಗಾದರೆ ಕಂಬಳಿ ಸರ್ಕಾರದ ಕೆಲಸವನ್ನೇ ಮಾಡಿದಂತಾಯಿತಲ್ಲ ಎಂದು ವಾದಿಸಿದ. ಸಂಜೆ ಮಧುಗಿರಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕದರಪ್ಪನೂ ಇದನ್ನು ಮೆಚ್ಚಿ ತಲೆದೂಗಿದ. ಕಂಬಳಿ ಕಾಣದ ದಿನ ಏನು ಮಾಡುತ್ತೀಯ ಎಂದು ನಂದೀಶ್ವರಯ್ಯ ಕೇಳಿದ್ದು ಟೀ ಲೋಟಗಳ ಸದ್ದಿನಲ್ಲಿ ಇಬ್ಬರಿಗೂ ಕೇಳಿಸಲಿಲ್ಲ.

ಮೊದಮೊದಲು ಏರ್ಪಾಡು ಸೊಗಸಾಗಿ ನಡೆಯಿತು. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಗುಂಡಿನ ಮೇಲೆ ಕಂಬಳಿ ಕಾಣುತ್ತಿತ್ತು. ಆವತ್ತು ಯತ್ತಪ್ಪ ಮದುವೆ ದಿಬ್ಬಣ ಹೊತ್ತವನಂತೆ ಗಂಭೀರವಾಗಿ ತಿರುವು ದಾಟಿ, ಹುಣಿಸೆ ಮರದ ಹಿಂದಿನ ಜೀಪಿಗೆ ಸಲಾಮು ಹೊಡೆದು ಹೋಗುತ್ತಿದ್ದ. ಕಂಬಳಿ ಇಲ್ಲದ ದಿನ, ಇಳಿಜಾರು ಶುರುವಾದಲ್ಲಿ ಆಕ್ಸಿಲರೇಟರ್ ಮೇಲೆ ಇಟ್ಟ ಕಾಲನ್ನು ಮಿಡಿಗೇಶಿಯಲ್ಲೇ ಎತ್ತುತ್ತಿದ್ದದ್ದು. ಮೊದಲಾದರೆ ಪೊಲೀಸಿನ ಭಯಕ್ಕೆ ದಿನವೂ ಅಷ್ಟೋ ಇಷ್ಟೋ ಅಳುಕುತ್ತಿದ್ದ. ಈಗ ಆ ಅಳುಕೂ ಹೋಯಿತು.

ಯುಗಾದಿ ಹತ್ತಿರವಿದ್ದ ಒಂದು ದಿನ ಗುಂಡು ಬರಿದಾಗಿತ್ತು. ಬಸ್ಸು ತಿರುವಿನಲ್ಲಿ ಹೊರಳುವಾಗ ಹಿಂದಿನ ಎಡಚಕ್ರದ ಕೆಳಗೆ ಏನೋ ಠಣ್ಣೆಂದು, ಆಮೇಲೆ ಕರಕ್ ಎಂದಿತು. ನಿಲ್ಲಿಸು ಎಂದು ನಂದೀಶ್ವರಯ್ಯ ಸೀಟಿ ಊದಿದ. ರಸ್ತೆ ಕೆಲಸದವರು ಬಿಟ್ಟುಹೋದ ಟಾರಿನ ಡಬ್ಬ ಕಣಯ್ಯ ಎಂದು ಯತ್ತಪ್ಪ ನಿಲ್ಲಿಸಲಿಲ್ಲ. ಆವತ್ತು ಕದರಪ್ಪ ಎದುರಾದದ್ದು ಮಿಡಿಗೇಶಿ ದಾಟಿ ಎಷ್ಟೋ ದೂರದಲ್ಲಿ. ಅಷ್ಟು ದೊಡ್ಡ ಗೆಲುವು ಅವನಿಗೆ ಅದೇ ಮೊದಲು. ಪ್ರಯಾಣಿಕರಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು.

ಅದೇ ಕೊನೆ. ಮರುದಿನ ಗುಂಡಿನ ಮೇಲೆ ಕಂಬಳಿ. ಅದರ ಮರುದಿನವೂ ಕಂಬಳಿ. ಹಬ್ಬದ ದಿನವೂ ಕಂಬಳಿ. ಯತ್ತಪ್ಪ ನಿಧಾನ ಮಾಡಿ ತಿರುವು ದಾಟಿ ನೋಡಿದರೆ ಹುಣಿಸೆ ಮರದ ಹಿಂದೆ ಜೀಪು ಕಾಣದು. ಹಟ್ಟಿಯ ಹೆಂಗಸರು ಬಾವಿಯಿಂದ ನೀರು ಹೊತ್ತು ರಸ್ತೆ ದಾಟುತ್ತಿರುವುದಷ್ಟೇ ಕಾಣುವುದು. ಹಾಗಾದರೆ ಜೀಪನ್ನು ಇನ್ನೂ ಒಳಗೆ ಅಡಗಿಸಿದ್ದಾರೆ, ಈ ಇನ್‌ಸ್ಪೆಕ್ಟರು ಸಾಮಾನ್ಯದವನಲ್ಲ ಎಂದು ಅವನು ಲೆಕ್ಕ ಹಾಕಿದ. ಕಂಬಳಿಯ ಮೇಲೆ ಅನುಮಾನ ಪಡುವ ಯೋಚನೆಯೇ ಅವನಿಗೆ ಬರಲಿಲ್ಲ. ಪೊಲೀಸು ಕಣ್ಣಿಗೆ ಕಾಣದಿದ್ದರೂ ಇದ್ದಾರೆ ಎಂದು ನಂಬಿ, ರಸ್ತೆ ಬದಿಯ ಒಂದು ದೊಡ್ಡ ಲಂಟಾನ ಪೊದೆಗೆ ದಿನವೂ ಸಲಾಮು ಹೊಡೆಯತೊಡಗಿದ. ಪೊದೆಯ ಹತ್ತಿರ ಕೂತಿದ್ದ ಒಂದು ಆಡು ಎದ್ದು ನಿಂತರೂ ಅವನು ಕೈ ಇಳಿಸಲಿಲ್ಲ.

ಕದರಪ್ಪನಿಗೆ ಹಬ್ಬವೋ ಹಬ್ಬ. ಬಸ್ಸುಗಳು ಈಗ ಮಿಡಿಗೇಶಿಗೆ ಬಹಳ ಮೊದಲೇ ಎದುರಾಗುತ್ತಿದ್ದವು. ಇಬ್ಬರೂ ಕಿಟಕಿಗೆ ಕಿಟಕಿ ತಾಗಿಸಿ ನಿಲ್ಲಿಸಿದಾಗ ಅವನು ಹಲ್ಲು ಕಿರಿದು, "ಏಮಯ್ಯಾ ಏರೋಪ್ಲೇನು, ರೆಕ್ಕೆ ಕಿತ್ತುಕೊಂಡು ಹೋಯ್ತಾ?" ಎನ್ನುತ್ತಿದ್ದ. ಜನ ಏರೋಪ್ಲೇನ್ ಎನ್ನುವುದನ್ನು ಬಿಟ್ಟು ಗಾಡಿ ಎನ್ನತೊಡಗಿದರು. ಅದೂ ಎತ್ತಿನದು. ಯತ್ತಪ್ಪ ನುಂಗಿಕೊಂಡ. ಮರ್ಯಾದೆ ಹೋದರೆ ಹೋಗಲಿ, ಲೈಸೆನ್ಸ್ ಉಳಿದಿದೆಯಲ್ಲ ಎಂದು ಎಡಜೇಬು ಮುಟ್ಟಿಕೊಂಡ.

ಆ ನಡುವೆ ಒಂದು ದಿನ ಎಲೆ ಹೊಗೆಸೊಪ್ಪಿನ ಪೊಟ್ಟಣ ಕೊಡಲು ಇಳಿದಾಗ ಪುಟ್ಟಕ್ಕ ಮಣ್ಣಿನ ಕೊಡದಲ್ಲಿ ನೀರು ಹೊತ್ತು ಬರುವುದನ್ನು ಕಂಡು ಅವನಿಗೆ ಬೇಸರವಾಯಿತು. ಅವಳ ಮದುವೆಗೆ ಅವನು ಮಧುಗಿರಿ ಪಾತ್ರೆ ಅಂಗಡಿಯಿಂದ ದಪ್ಪನೆಯ ಹಿತ್ತಾಳೆ ಬಿಂದಿಗೆ ಉಡುಗೊರೆ ಕೊಟ್ಟಿದ್ದ. ಹೆಸರು ಕೆತ್ತುವವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, 'ಡ್ರೈವರ್ ಯತ್ತಪ್ಪನ ಉಡುಗೊರೆ' ಎಂದು ಕೆತ್ತಿಸಿದ್ದ. ಅದರಲ್ಲಿ ಡ್ರೈವರ್ ಎನ್ನುವುದು ಉಳಿದ ಅಕ್ಷರಗಳಿಗಿಂತ ದೊಡ್ಡದಾಗಿ ಬರಬೇಕೆಂದು ಹಟ ಹಿಡಿದಿದ್ದ. ಪುಟ್ಟಕ್ಕ ಬೇರೆ ಯಾವುದರಲ್ಲೂ ನೀರು ತರುತ್ತಿರಲಿಲ್ಲ. ಬಿಂದಿಗೆ ಎಲ್ಲಿ ಎಂದು ಕೇಳಿದರೆ, ತಳ ಸೋರುತ್ತಿತ್ತು, ಬೆಸುಗೆಗೆ ಕೊಟ್ಟಿದ್ದೇನೆ ಎಂದು ತಲೆ ತಗ್ಗಿಸಿದಳು. ಹೊಸ ಬಿಂದಿಗೆ ಅಷ್ಟು ಬೇಗ ಸೋರುವುದುಂಟೇ, ಅಂಗಡಿಯವನನ್ನು ವಿಚಾರಿಸುತ್ತೇನೆ ಎಂದು ಅವನು ಗುಡುಗಿ ಬಂದ.

ಮುಂಗಾರಿಗೆ ಮುಂಚೆ ಒಂದು ಬೆಳಿಗ್ಗೆ ಮಧುಗಿರಿಯಲ್ಲಿ ಹೆಡ್‌ಕಾನ್‌ಸ್ಟೇಬಲ್ ಜಯರಾಮಯ್ಯನವರು ಬಸ್ಸು ಹತ್ತಿದರು. ಪಾವಗಡದಲ್ಲಿ ನೆಂಟರ ಮನೆಯ ನಾಮಕರಣವಂತೆ. ಮಫ್ತಿಯಲ್ಲಿದ್ದರೂ ಯತ್ತಪ್ಪ ಗುರುತಿಸಿ, ಬಾನೆಟ್ ಪಕ್ಕದ ಒಳ್ಳೆ ಸೀಟಿನಲ್ಲಿ ಕೂರಿಸಿದ. ಎರಡು ಸಲವೂ ವಾಚು ಒತ್ತಿದವರು ಇವರೇ. ಆನೆಗುಂಡು ಕಂಡಿತು, ಎಂದಿನಂತೆ ಮೇಲೆ ಕಂಬಳಿ. ಯತ್ತಪ್ಪ ಗೇರು ಇಳಿಸಿ, ಬಸ್ಸನ್ನು ಎಣ್ಣೆ ತುಂಬಿದ ಪಾತ್ರೆಯಂತೆ ಹುಷಾರಾಗಿ ತಿರುವಿನಲ್ಲಿ ತಂದು, ಪೊದೆಗೆ ಸಲಾಮು ಹೊಡೆದ. ಜಯರಾಮಯ್ಯನವರು ಪೊದೆಯನ್ನು ನೋಡಿದರು, ಅವನನ್ನು ನೋಡಿದರು. ಯಾವ ದೇವರಪ್ಪ ಅಲ್ಲಿರುವುದು ಎಂದು ಕೇಳಿದರು.

ಯತ್ತಪ್ಪ ನಾಚಿಕೊಂಡು, ತಮ್ಮ ಸ್ಟೇಷನ್ ಕಡೆಯವರೇ ಸ್ವಾಮಿ ಎಂದ. ಜಯರಾಮಯ್ಯನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ತಡೆಯಲಾಗದೆ ಮುಂದಿನ ಕಂಬಿ ಹಿಡಿದುಕೊಂಡರು. ಯುಗಾದಿಗೆ ಮೊದಲೇ ಜೀಪಿನ ಗೇರ್‌ಬಾಕ್ಸ್ ಹೋಗಿ, ಅದು ಸ್ಟೇಷನ್ ಹಿತ್ತಲಿನಲ್ಲಿ ಕಲ್ಲುಗಳ ಮೇಲೆ ನಿಂತಿದೆಯಂತೆ. ಕೋಳಿಯೊಂದು ಅದರ ಹಿಂದಿನ ಸೀಟಿನಲ್ಲಿ ಕಾವಿಗೆ ಕೂತಿದೆಯಂತೆ. ಸ್ಟಾಪ್‌ವಾಚನ್ನು ಯಾವುದೋ ಶಾಲೆಯ ಆಟೋಟಕ್ಕೆ ಎರವಲು ಕೊಟ್ಟಿದ್ದು ಇನ್ನೂ ವಾಪಸು ಬಂದಿಲ್ಲವಂತೆ. ಅಂದಿನಿಂದ ಒಬ್ಬ ಪೇದೆಯೂ ಈ ತಿರುವಿಗೆ ಬಂದು ನಿಂತಿಲ್ಲ.

ದಾರಿಯಲ್ಲಿ ಕದರಪ್ಪ ಏನೋ ಅಂದದ್ದು ಯತ್ತಪ್ಪನಿಗೆ ಕೇಳಿಸಲಿಲ್ಲ. ನಗೆಗೀಡಾದದ್ದು ಒಂದು ಕಡೆ. ಅದಕ್ಕಿಂತ ಅವನನ್ನು ಸುಟ್ಟದ್ದು ಕಂಬಳಿ ಸುಳ್ಳು ಹೇಳಿತು ಎನ್ನುವುದು. ಬೇರೆ ಯಾರೇ ಮೋಸ ಮಾಡಿದ್ದರೂ ಬೈದು ಸುಮ್ಮನಾಗುತ್ತಿದ್ದ. ಗೊಲ್ಲರ ಮುದುಕಿ, ತಂಗಿಯ ಅತ್ತೆ, ತನ್ನ ಎಲೆ ಹೊಗೆಸೊಪ್ಪು ಅಗಿದುಕೊಂಡೇ ಕರಿಕಂಬಳಿಯನ್ನು ಸುಳ್ಳಿಗೆ ಹಾಸಿದಳಲ್ಲ. ನ್ಯಾಯವಾಗಲೇಬೇಕು ಎಂದು ಬಂದ್ರೆಹಟ್ಟಿಯ ಯಜಮಾನ ಕ್ಯಾತಪ್ಪನಿಗೆ ಹೇಳಿ ಕಳುಹಿಸಿದ.

ಅವನ ರಜೆಯ ದಿನ, ಬೆಳಗಿನ ಬಿಸಿಲೇರುವ ಹೊತ್ತಿಗೆ ಗುಡಿಯ ಮುಂದೆ ಹಟ್ಟಿ ಸೇರಿತು. ಯತ್ತಪ್ಪ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡೇ ಬಂದಿದ್ದ. ಸಾಕ್ಷಿಗೆಂದು ನಂದೀಶ್ವರಯ್ಯನನ್ನೂ ಕರೆತಂದಿದ್ದ. ಕ್ಯಾತಪ್ಪ ದೂರು ಕೇಳಿ ಮುಖ ಸಣ್ಣ ಮಾಡಿದ. ಕಂಬಳಿಯಿಂದ ಸುಳ್ಳು ಎಂದರೆ ಹಗುರದ ಮಾತಲ್ಲ. ನಡುವೆ ಅದೇ ಕಂಬಳಿಯನ್ನು ಹಾಸಿ, ಗಿರಿಯಮ್ಮನನ್ನು ಅದರ ಮೇಲೆ ನಿಲ್ಲಿಸಿ, ಗುಂಡಿನ ಮೇಲೆ ಕಂಬಳಿ ಹಾಕಿದ ದಿನಗಳಲ್ಲಿ ಪೊಲೀಸು ಇದ್ದರೇ ಎಂದು ಕೇಳಿದ.

"ಯುಗಾದಿಯಿಂದ ಈಚ್ಗೆ ಒಂದ್ ದಿನಾನೂ ಇರ್ಲಿಲ್ಲ" ಎಂದಳು ಗಿರಿಯಮ್ಮ. ಸ್ವಲ್ಪವೂ ಅಳುಕಲಿಲ್ಲ.

ಸುತ್ತ ಗುಜುಗುಜು ಎದ್ದಿತು. ಗೆದ್ದೆ ಎಂದು ಯತ್ತಪ್ಪ ನಂದೀಶ್ವರಯ್ಯನ ಕಡೆ ನೋಡಿದ. ಮತ್ತೇಕೆ ಹಾಕಿದೆ ಎಂದು ಕ್ಯಾತಪ್ಪ ಕೇಳಿದ. ಗಿರಿಯಮ್ಮ ಮನೆಯ ಕಡೆ ತಿರುಗಿ, ಅದನ್ನು ತಗೊಂಡು ಬಾರಮ್ಮ ಎಂದು ಸೊಸೆಯನ್ನು ಕರೆದಳು. ಪುಟ್ಟಕ್ಕ ಬಾಗಿಲಲ್ಲೇ ನಿಂತಳು. ಬೇಡ ಅತ್ತೆ ಎಂದು ಕೈಯಲ್ಲೇ ಅಂದಳು. ಎರಡನೆಯ ಸಲ ಕರೆದಾಗ, ಗೋಣಿತಾಟಿನಲ್ಲಿ ಸುತ್ತಿದ್ದ ಏನನ್ನೋ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದು ಅತ್ತೆಯ ಕಾಲ ಬಳಿ ಇಟ್ಟು ಹಿಂದೆ ಸರಿದಳು.

ಗಿರಿಯಮ್ಮ ಗೋಣಿ ಬಿಡಿಸಿದಳು. ಒಳಗೆ ರೊಟ್ಟಿಯಂತೆ ಚಪ್ಪಟೆಯಾದ ಹಿತ್ತಾಳೆಯ ತಗಡು. ಅದರ ಒಂದು ಅಂಚಿನಲ್ಲಿ ಬಿಂದಿಗೆಯ ಕಂಠ ಮಡಿಚಿಕೊಂಡಿತ್ತು.

"ಬೂಟ್ಸ್ ಬುಟ್ಟು ಇಂಗ್ ಬಾರಪ್ಪ, ಕಂಬ್ಳಿ ಮ್ಯಾಲೆ ನಿಂತ್ಕೋ" ಎಂದು ಯತ್ತಪ್ಪನನ್ನು ಕರೆದಳು. "ನಂಗೆ ಓದಾಕ್ ಬರಾಕಿಲ್ಲ. ನೀನು ಓದ್ದೋನು. ಅದ್ರ ಮ್ಯಾಲೆ ಏನ್ ಬರ್ದೈತೆ ಹೇಳು."

ಯತ್ತಪ್ಪ ಬೂಟು ಬಿಚ್ಚಿ ಕಂಬಳಿಯ ಮೇಲೆ ಕಾಲಿಟ್ಟ. ಉಣ್ಣೆ ಅಂಗಾಲಿಗೆ ಚುಚ್ಚಿತು. ಬಗ್ಗಿ ತಗಡನ್ನು ಎತ್ತಿಕೊಂಡ. ಉಡುಗೊರೆ ಎನ್ನುವುದು ಮಡಿಕೆಯಲ್ಲಿ ಒಳಗೆ ಹೋಗಿತ್ತು. ಯತ್ತಪ್ಪ ಎನ್ನುವುದರಲ್ಲಿ ಅರ್ಧ ಉಳಿದಿತ್ತು. ಡ್ರೈವರ್ ಎನ್ನುವುದು ಮಾತ್ರ, ದೊಡ್ಡ ಅಕ್ಷರದಲ್ಲಿ ಕೆತ್ತಿಸಿದ್ದರಿಂದಲೋ ಏನೋ, ಪೂರ್ತಿ ಓದುವಂತಿತ್ತು. ಅದರ ಮೇಲೆ ಟೈರಿನ ಗೆರೆಗಳು ಮೂಡಿದ್ದವು. ಅವನು ಓದಲಿಲ್ಲ. ಅವನಿಗೆ ಠಣ್ಣೆಂದ ಸದ್ದು ಕೇಳಿಸಿತು, ಅದರ ಹಿಂದೆ ನಂದೀಶ್ವರಯ್ಯನ ಸೀಟಿಯೂ ಕೇಳಿಸಿತು. ನಂದೀಶ್ವರಯ್ಯ ನೆಲ ನೋಡುತ್ತ ನಿಂತಿದ್ದ.

ಹಟ್ಟಿಗೂ ಬಾವಿಗೂ ನಡುವೆ ರಸ್ತೆ. ಆವತ್ತು ಪುಟ್ಟಕ್ಕ ತಲೆ ಮೇಲೊಂದು ಕೊಡ, ಸೊಂಟದಲ್ಲಿ ಈ ಬಿಂದಿಗೆ ಹೊತ್ತು ದಾಟುತ್ತಿದ್ದಳು. ತುಂಬಿದ ಕೊಡ ಹೊತ್ತವರು ಥಟ್ಟನೆ ಕತ್ತು ತಿರುಗಿಸಲಾಗುವುದಿಲ್ಲ. ಸದ್ದು ಕೇಳಿ ಎಲ್ಲ ಬಿಟ್ಟು ಹಿಂದಕ್ಕೆ ಬಿದ್ದಳು. ತಲೆ ಮೇಲಿನದು ಒಡೆಯಿತು, ಸೊಂಟದ್ದು ಉರುಳಿಕೊಂಡು ಚಕ್ರದ ಕೆಳಗೆ ಹೋಯಿತು. ಬಸ್ಸು ಹೋಗಿಯೇಬಿಟ್ಟಿತು. ಇದನ್ನೆಲ್ಲ ಗಿರಿಯಮ್ಮ ಆಡಿನ ಕಥೆ ಹೇಳುವಷ್ಟೇ ಸಮಾಧಾನವಾಗಿ ಹೇಳಿದಳು. ಆಮೇಲೆ ಮೊದಲ ಸಲ ಅವಳ ದನಿ ಗಟ್ಟಿಯಾಯಿತು.

"ಪೊಲೀಸು ಇಲ್ದಿದ್ ದಿನ ಗುಂಡು ಬರಿದಾಗಿರ್ಲಿ ಅಂದೆ. ಬರಿದಾಗ್ ಬುಟ್ಟೆ. ಆವತ್ತು ನಾನು ಸುಳ್ಳಾಡ್ಲಿಲ್ಲ ಕಣಪ್ಪ, ದಿಟಾನೇ ಯೋಳಿದ್ದೆ. ದಿಟ ಯೋಳಿದ್ಕೆ ನನ್ ಸೊಸೆ ಹೋಗ್ತಿದ್ಲು. ಈಗ ಕಂಬ್ಳಿ ಮ್ಯಾಲೆ ನಿಂತಿದ್ದೀಯ, ನೀನು ದಿಟ ಯೋಳು. ಆವತ್ತು ಅವ್ಳು ಕಣ್ಣಿಗ್ ಬಿದ್ದಿದ್ರೆ ಬಸ್ಸು ನಿಲ್ತಿತ್ತಾ?"

ಈ ಪ್ರಶ್ನೆಗೆ ಯತ್ತಪ್ಪನ ಹತ್ತಿರ ಬಹಳ ಹಳೆಯ ಉತ್ತರವಿತ್ತು. ನನ್ನ ಬಸ್ಸು ನಾನು ಬೆರಳು ತೋರಿಸಿದ ಕಡೆ ನಿಲ್ಲುತ್ತದೆ, ಅಂಗುಲ ಆಚೆ ಇಲ್ಲ ಈಚೆ ಇಲ್ಲ ಎಂದು ಮಧುಗಿರಿ ಹೋಟೆಲಿನಲ್ಲಿ ಎಷ್ಟು ಸಲ ಹೇಳಿದ್ದನೋ. ಆ ಮಾತು ಬಾಯಿಗೆ ಬಂತು. ಅಂಗಾಲಿನ ಕೆಳಗೆ ಕಂಬಳಿ ಚುಚ್ಚುತ್ತಲೇ ಇತ್ತು. ತಂಗಿಯ ಕಡೆ ನೋಡಿದ. ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು, ಅಣ್ಣನಿಗೆ ಏನಾಗುತ್ತದೋ ಎಂದು ಹೆದರಿ ನಿಂತಿದ್ದಳು. ಚಕ್ರದ ಕೆಳಗೆ ಹೋಗಬೇಕಾಗಿದ್ದವಳು ಅವಳು, ಹೆದರುತ್ತಿದ್ದದ್ದು ಅವನಿಗಾಗಿ.

"ಇಲ್ಲ" ಎಂದ. ಅದು ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದ. "ನಿಲ್ತಿರ್ಲಿಲ್ಲ. ಅವ್ಳು ಕಂಡಿದ್ರೂ ನಿಲ್ತಿರ್ಲಿಲ್ಲ. ಬಾವಿ ದಾಟಿ, ಹುಣ್ಸೆಮರ ದಾಟಿ ನಿಲ್ತಿತ್ತು."

ಆಮೇಲೆ ಅವನು ತಂಗಿಯನ್ನು, ನೀನಾದರೂ ಯಾಕೆ ಹೇಳಲಿಲ್ಲ ಪುಟ್ಟಿ ಎಂದು ಕೇಳಿದ.

"ಎಲ್ರಿಗೂ ಗೊತ್ತಾದ್ರೆ ಕೇಸ್ ಆಗ್ತಿತ್ತಲ್ಲಣ್ಣ" ಎಂದಳು ಪುಟ್ಟಕ್ಕ. "ಲೈಸನ್ನು ಕಿತ್ಕಂಡ್ರೆ ನೀನು ಹೆಂಗ್ ಬದುಕ್ತಿದ್ದೆ?"

ಯತ್ತಪ್ಪ ಕಂಬಳಿಯ ಮೇಲೆಯೇ ಕುಸಿದು ಕೂತ. ಖಾಕಿಯ ಇಸ್ತ್ರಿ ಹೋಯಿತು. ಅವನು ಅಳುತ್ತಿದ್ದಾನೆ ಎಂದು ಕಂಡರೂ ಕಾಣದವರಂತೆ ಹಟ್ಟಿಯ ಗಂಡಸರು ಕುರಿಗಳ ಬೆಲೆಯ ಬಗ್ಗೆ ಮಾತು ತೆಗೆದರು.

ಕ್ಯಾತಪ್ಪ ತೀರ್ಪು ಹೇಳಿದ. ಒಳ್ಳೆಯದಕ್ಕೇ ಆದರೂ ಕಂಬಳಿಯನ್ನು ಸುಳ್ಳಿಗೆ ಹಾಸಿದ್ದು ತಪ್ಪು. ಗಿರಿಯಮ್ಮ ಗುಡಿಗೆ ಹಾಲೆರೆಯಬೇಕು, ಇನ್ನು ಮೇಲೆ ಗುಂಡಿನ ಮೇಲೆ ಕಂಬಳಿ ಹಾಕಕೂಡದು. ಪೊಲೀಸು ಇದ್ದರೂ ಹಾಕಕೂಡದು, ಇಲ್ಲದಿದ್ದರೂ ಹಾಕಕೂಡದು. ಯತ್ತಪ್ಪನಿಗೆ ತಪ್ಪುದಂಡ ಏನು ಎಂದು ಯಾರೋ ಕೇಳಿದರು. ಅವನು ದಿಟ ಹೇಳಿ ಆಯಿತಲ್ಲ ಎಂದು ಕ್ಯಾತಪ್ಪ ಎದ್ದ. ಗಿರಿಯಮ್ಮ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ನಾಳೆಯಿಂದ ಎಲೆ ಹೊಗೆಸೊಪ್ಪು ನಿಲ್ಲಿಸುತ್ತೀಯಾ ಹೇಗೆ ಎಂದು ವಿಚಾರಿಸಿದಳು. ಅದು ಮುಂದುವರಿಯುತ್ತದೆ ಎಂದು ಖಾತ್ರಿಯಾದ ಮೇಲೆಯೇ ಆಡುಗಳ ಕಡೆ ಹೊರಟಳು.

ಮರುದಿನ ಆನೆಗುಂಡು ಬರಿದಾಗಿತ್ತು. ಯುಗಾದಿಯಿಂದ ಈಚೆಗೆ ಅಷ್ಟು ಬರಿಯ ಗುಂಡನ್ನು ಯತ್ತಪ್ಪ ಕಂಡಿರಲಿಲ್ಲ. ನಂದೀಶ್ವರಯ್ಯ ಅಭ್ಯಾಸಬಲದಿಂದ ಶಿವನಾಮ ಶುರುಮಾಡಿದ. ಗೇರು ಇಳಿಯುವ ಸದ್ದು ಕೇಳಿ ಅರ್ಧಕ್ಕೆ ನಿಲ್ಲಿಸಿದ. ಬಸ್ಸು ತೆವಳುತ್ತ ತಿರುವು ಹೊರಳಿತು. ಬಾವಿಯ ಕಡೆಯಿಂದ ಹೆಂಗಸರು ದಾಟುತ್ತಿದ್ದರು, ಯತ್ತಪ್ಪ ಪೂರ್ತಿ ನಿಲ್ಲಿಸಿದ. ಕೊನೆಯಲ್ಲಿ ಪುಟ್ಟಕ್ಕ ಮಣ್ಣಿನ ಕೊಡ ಹೊತ್ತು, ಕತ್ತು ತಿರುಗಿಸದೆ, ಹನಿ ಚೆಲ್ಲದೆ ದಾಟಿಹೋದಳು. ಹಿಂದಿನ ಸೀಟಿನಿಂದ ಯಾರೋ, ಪೊಲೀಸು ಇದ್ದಾರಾ ಎಂದು ಕೂಗಿ ಕೇಳಿದರು. ಇಲ್ಲ ಎಂದ ಯತ್ತಪ್ಪ.

ಮುಂದೆ ಅರ್ಧ ಮೈಲಿಯಲ್ಲಿ ಕದರಪ್ಪ ಎದುರಾದ, ಧೂಳೆಬ್ಬಿಸಿಕೊಂಡು, ಗೆದ್ದ ಮುಖದಲ್ಲಿ. ಯತ್ತಪ್ಪ ಸ್ಟೇರಿಂಗಿನಿಂದ ಬಲಗೈ ತೆಗೆದು ಮೆಲ್ಲಗೆ ತಲೆ ಮೇಲೆ ಇಟ್ಟುಕೊಂಡ. ಕದರಪ್ಪನ ಬಸ್ಸು ಕೀಚೆಂದು ನಿಧಾನವಾಯಿತು. ಕಂಬಳಿಗೆ ಆಣೆಯಿತ್ತು, ಕೈಗೆ ಯಾರೂ ಆಣೆ ಹಾಕಿರಲಿಲ್ಲ. ಕೈ ತಲೆಯ ಮೇಲೆ ಹೋದದ್ದು ಆವತ್ತಷ್ಟೇ ಅಲ್ಲ, ದಿನವೂ ಹೋಯಿತು. ಕದರಪ್ಪನಿಂದ ಆ ಸುದ್ದಿ ಹಿಂದಿನ ಬಸ್ಸುಗಳಿಗೂ ಲಾರಿಗಳಿಗೂ ಹಬ್ಬಿ, ಬಂದ್ರೆಹಟ್ಟಿ ತಿರುವಿನಲ್ಲಿ ಎಲ್ಲರೂ ಲಂಟಾನ ಪೊದೆಗೆ ಸಲಾಮು ಹೊಡೆದೇ ಹೋಗುವಂತಾಯಿತು.

ಸಂಬಳದ ದಿನ ಯತ್ತಪ್ಪ ಮಧುಗಿರಿಯ ಅದೇ ಅಂಗಡಿಯಲ್ಲಿ ಹೊಸ ಬಿಂದಿಗೆ ತೆಗೆದುಕೊಂಡ. ಕೆತ್ತುವವನು ಉಳಿ ಎತ್ತಿಕೊಂಡು, ಡ್ರೈವರ್ ದೊಡ್ಡದಾಗಿಯೇ ಬರಲಿ ತಾನೇ ಎಂದು ಕೇಳಿದ. ಬೇಡ, ಪುಟ್ಟಕ್ಕ ಅಂತ ಒಂದೇ ಬರಲಿ ಎಂದ ಯತ್ತಪ್ಪ. ಅದನ್ನು ಬಾವಿಯ ಹತ್ತಿರ ಬಸ್ಸು ನಿಲ್ಲಿಸಿ ತಂಗಿಯ ಕೈಗೆ ಕೊಟ್ಟ. ಅವಳಿಗೆ ಓದಲು ಬಾರದು, ಆದರೆ ಹಳೆಯದರ ಅಕ್ಷರಗಳನ್ನು ತೊಳೆದು ತಿಕ್ಕಿ ಬೆರಳಿಗೆ ಗೊತ್ತಿತ್ತು. ಹೊಸದರ ಮೇಲೆ ಬೆರಳಾಡಿಸಿ, "ನಿನ್ನೆಸ್ರು ಎಲ್ಲಣ್ಣ?" ಎಂದಳು.

"ನಂದು ಹಳೇದ್ರಲ್ಲೇ ಐತಲ್ಲ" ಎಂದ ಅವನು.

ಹಳೆಯದನ್ನು ಅವನು ನ್ಯಾಯದ ದಿನವೇ ಕೇಳಿ ತಂದಿದ್ದ. ಕೆಟ್ಟು ಕೂತಿದ್ದ ಸ್ಪೀಡೋಮೀಟರಿನ ಮೇಲೆ, ಕೂತರೆ ಕಣ್ಣಿಗೆ ನೇರವಾಗುವಂತೆ, ಎರಡು ಮೊಳೆ ಹೊಡೆದು ಅದನ್ನು ನಿಲ್ಲಿಸಿದ್ದ. ಮಾಲೀಕರು ನೋಡಿ, ಇದೇನಯ್ಯ ತಗಡು ಎಂದು ಕೇಳಿದರು. ಮೀಟರ್ ರಿಪೇರಿ ಆಯಿತು ಸ್ವಾಮಿ ಎಂದು ಹೇಳಿ ಯತ್ತಪ್ಪ ಬಸ್ಸು ಹತ್ತಿದ.